ಊರ ಕಾಡೂ ಕತ್ತಲೆಕಾನೂ

ಕುಮಟಾ ಪೇಟೆಯ ಮಗ್ಗುಲಿಗೇ ಹಳಕಾರವೆಂಬ ಗ್ರಾಮವಿರುವುದು. ಅಲ್ಲಿಯ ಊರ ಅರಣ್ಯವನ್ನು ಮೊದಲ ಸಲ ನೋಡುವವನಿಗೆ ಕೊಂಚ ನಿರಾಶೆಯಾದರೆ ಆಶ್ಚರ್ಯವಿಲ್ಲ. ಮರಗಳೇನೋ ಇವೆ; ಆದರೆ ಮುಗಿಲನ್ನು ತಡೆಯುವಂಥವಲ್ಲ. ಬಿಸಿಲು ನೆಲದವರೆಗೂ ಇಳಿಯುತ್ತದೆ. ಕಾಲಡಿಯ ದರಕನ್ನು ಯಾರೋ ಗುಡಿಸಿ ಗೊಬ್ಬರಕ್ಕೆ ಒಯ್ದಿರುತ್ತಾರೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನನ್ನು ಕಂಡು ಬಂದವನಂತೂ, ಇದನ್ನೂ ಕಾಡೆನ್ನಬೇಕೆ ಎಂದು ನಕ್ಕುಬಿಟ್ಟಾನು.

ಆ ಕಾನಿನ ಸಂಗತಿಯೇ ಬೇರೆ. ಅಲ್ಲಿ ಹಳ್ಳದ ಮಗ್ಗುಲಿನ ಜೌಗು ನೆಲದಲ್ಲಿ ಕಾಡು ಜಾಯಿಕಾಯಿಯ ಜಾತಿಯ ಮರಗಳು ನಿಂತಿವೆ. ಕೆಸರಿನೊಳಗೆ ಉಸಿರಾಡಲೆಂದು ಅವುಗಳ ಬೇರುಗಳು ಮಡಿಸಿದ ಮೊಣಕಾಲಿನಂತೆ ಮೇಲೆದ್ದಿರುವುವು. ಕೇರುಮರದ ಕುಲಕ್ಕೆ ಸೇರಿದ ಒಂದು ಮರವನ್ನು ಪಂಡಿತರು 2000ದಲ್ಲಿ ಹೊಸ ಜಾತಿಯೆಂದು ವರ್ಣಿಸಿದಾಗ ಅದಕ್ಕೆ ಈ ಕಾನಿನ ಹೆಸರನ್ನೇ ಇಟ್ಟರು. ಜಾಯಿಕಾಯಿಯ ದಪ್ಪ ಬೀಜವನ್ನು ದೂರಕ್ಕೆ ಒಯ್ಯಬಲ್ಲವು ಮಂಗಟ್ಟೆಯಂಥ ದೊಡ್ಡ ಹಕ್ಕಿಗಳು. ಬೀಜವೋ ಬಲು ಸುಕುಮಾರ; ಒಣಗಿದರೆ ಸತ್ತೇ ಹೋಯಿತು. ನೆರಳು, ತೇವ, ಹಕ್ಕಿ ಈ ಮೂರೂ ಕೂಡಿದಲ್ಲಿ ಮಾತ್ರ ಅದರ ವಂಶವು ಬೆಳೆದೀತು. ಆದುದರಿಂದ ಇಂಥ ಕಾನನ್ನು ಕಡಿದು, ಅದಕ್ಕೆ ಬದಲಾಗಿ ಬೇರೆಡೆಯಲ್ಲಿ ಗಿಡ ನೆಡುವೆವೆಂಬ ಮಾತು ಲೆಕ್ಕದ ಪುಸ್ತಕದಲ್ಲಿ ಮಾತ್ರ ಸರಿಹೋಗುವಂಥದು. ಸಿಂಗಳೀಕಗಳ ನೆಲೆಯಾದ ಅಘನಾಶಿನಿಯ ಕಣಿವೆಯನ್ನು 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿದ್ದು ಯುಕ್ತವೇ ಆಯಿತು.

ಹಾಗೆಂದು ಹಳಕಾರವನ್ನು ಕತ್ತಲೆಕಾನಿನ ಅಳತೆಗೋಲಿನಿಂದ ಅಳೆಯುವುದು ನ್ಯಾಯವೇ? ಕಾನಿಗೆ ದುರ್ಗಮತೆಯೇ ಬಹುಕಾಲ ಕಾವಲಾಗಿತ್ತು. ಪೇಟೆಯ ಅಂಚಿನ ಕಾಡಿಗೆ ಆ ಭಾಗ್ಯವೆಲ್ಲಿ! ಅಲ್ಲಿ ನಿತ್ಯವೂ ಸೌದೆ ಬೇಕು, ತೋಟಕ್ಕೆ ಸೊಪ್ಪು ಬೇಕು, ದನಕ್ಕೆ ಮೇವು ಬೇಕು. ಇಂಥ ಕಡೆಯಲ್ಲಿ ಅರಣ್ಯವು ಬೋಳುಗುಡ್ಡವಾಗದೆ ಉಳಿದುದೇ ಒಂದು ಸೋಜಿಗವೆನ್ನಬೇಕು.

ಈ ಸೋಜಿಗಕ್ಕೆ ಕಾರಣರು ಊರವರೇ. ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ, 1920ರ ದಶಕದಲ್ಲಿ, ಇಲ್ಲಿ ಗ್ರಾಮ ಅರಣ್ಯ ಪಂಚಾಯತಿಯು ಹುಟ್ಟಿತು. ಮನೆಮನೆಯಿಂದ ವಂತಿಗೆ ಎತ್ತಿ ಊರವರು ತಾವೇ ಕಾವಲುಗಾರನನ್ನು ಇಟ್ಟುಕೊಂಡರು; ಯಾರು ಏನನ್ನು, ಎಷ್ಟು ತರಬೇಕೆಂಬುದನ್ನು ತಾವೇ ಗೊತ್ತುಮಾಡಿದರು. ಕಡಿಯುವವನ ಕೈ ಹಿಡಿಯುವುದು ಸರಕಾರಿ ಸಿಪಾಯಿಗೆ ಸುಲಭ, ನೆರೆಮನೆಯವನಿಗೆ ಕಷ್ಟ. ಆ ಕಷ್ಟವನ್ನು ಇವರು ದಶಕಗಳ ಕಾಲ ಹೊತ್ತರು. ಇಷ್ಟಾಗಿಯೂ 1979ರಲ್ಲಿ ಇಂಥ ಪಂಚಾಯತಿಗಳನ್ನು ರದ್ದುಗೊಳಿಸಲು ಸರಕಾರದ ಆಜ್ಞೆ ಹೊರಟಿತು. ಹಳಕಾರದವರು ಸುಮ್ಮನಿರಲಿಲ್ಲ, ನ್ಯಾಯಾಲಯದ ಮೆಟ್ಟಿಲನ್ನೇರಿದರು. ಜಾಯಿಕಾಯಿ ಬೆಳೆಯದ ಕಾಡಿಗಾಗಿ, ಮಂಗಟ್ಟೆಯನ್ನು ನೋಡಲು ಯಾರೂ ಬಾರದ ಕಾಡಿಗಾಗಿ, ಒಕ್ಕಲಿನ ಜನ ತಮ್ಮ ಗಂಟಿನ ಹಣವನ್ನು ವಕೀಲರಿಗೆ ಸುರಿದರು. ದರಕು ಗುಡಿಸಿದ ಆ ನೆಲವನ್ನು ಕಂಡು ನಗುವವನು ಈ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯುವುದು ಒಳಿತು.