ಮಕ್ಕಳ ಮೈತೂಕವೂ ಪ್ರಾಯವೂ

ಮಗುವು ಮೈತುಂಬಿಕೊಂಡಿದ್ದರೆ ಅದೇ ಆರೋಗ್ಯವೆಂಬ ನಂಬಿಕೆಯು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ಅನ್ನವು ದುರ್ಲಭವಾಗಿದ್ದ ದಿನಗಳಲ್ಲಿ ಅದು ಸಹಜವೇ ಸರಿ. ಆದರೆ ಬಾಲ್ಯದ ತೂಕಕ್ಕೂ ಮುಂದಿನ ಎತ್ತರಕ್ಕೂ ಇರುವ ಸಂಬಂಧವು ಅಷ್ಟು ಸರಳವಲ್ಲ.

ನಾವು ಮೂವತ್ತು ವರ್ಷಕ್ಕೂ ಮಿಗಿಲಾಗಿ ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಎತ್ತರದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದವರು. ಐದನೆಯ ತರಗತಿಯಲ್ಲಿ ಎಲ್ಲರಿಗಿಂತ ಎತ್ತರವಾಗಿ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದ ಪುಷ್ಟಾಂಗಿಯರಲ್ಲಿ ಎಷ್ಟೋ ಮಂದಿ ಹತ್ತನೆಯ ತರಗತಿಯ ವೇಳೆಗೆ ನಡುವಿಗೆ ಸರಿದಿರುತ್ತಿದ್ದರು. ಕೃಶಾಂಗಿಯರು ಅವರನ್ನು ದಾಟಿರುತ್ತಿದ್ದರು.

ಇದಕ್ಕೆ ಕಾರಣವುಂಟು. ಋತುಪ್ರಾಪ್ತಿಗೆ ಸುಶ್ರುತನು ಹನ್ನೆರಡನೆಯ ವರ್ಷವನ್ನು ಹೇಳಿದನು. ೧೯೭೦ರಲ್ಲಿ ಅಮೆರಿಕದ ರೋಸ್ ಫ್ರಿಶ್, ರೋಜರ್ ರೆವೆಲ್ ಎಂಬ ವಿದ್ವಾಂಸರು ವಯಸ್ಸಿಗಿಂತ ತೂಕವೇ ಮುಖ್ಯವೆಂದು ವಾದಿಸಿದರು. ಇಷ್ಟೇ ತೂಕವೆಂಬ ನಿಯಮವು ನಿಲ್ಲದಿದ್ದರೂ, ಮೇದಸ್ಸಿಗೂ ಪ್ರಾಯಕ್ಕೂ ನಂಟಿರುವುದು ದೃಢವಾಯಿತು. ೧೯೯೪ರಲ್ಲಿ ಕಂಡುಹಿಡಿದ ಲೆಪ್ಟಿನ್ ಎಂಬ ದ್ರವ್ಯವು ಶರೀರದಲ್ಲಿ ಕೊಬ್ಬಿನ ಸಂಗ್ರಹವೆಷ್ಟೆಂಬುದನ್ನು ಮೆದುಳಿಗೆ ಅರುಹುವ ದೂತನಂತಿದೆ. ಸಂಗ್ರಹವು ತೀರ ಕಡಮೆಯಾದರೆ ಪ್ರಾಯವು ತಡವಾಗುತ್ತದೆ. ಹೆಚ್ಚಾದ ಬಾಲಿಕೆಯರು ಬೇಗ ಮೈನೆರೆಯುವುದುಂಟು. ಆಗ ಎತ್ತರವೂ ಬೇಗನೆ ಏರುತ್ತದೆ. ಆದರೆ ಈಸ್ಟ್ರೊಜನ್ ಎಂಬ ಸ್ರಾವದಿಂದ ಎಲುಬಿನ ತುದಿಯ ಬೆಳೆಯುವ ಭಾಗವು ಗಟ್ಟಿಯಾಗಿ, ಬೆಳೆವಣಿಗೆಯೂ ಬೇಗನೆ ನಿಲ್ಲುತ್ತದೆ. ಗಂಡುಮಕ್ಕಳಲ್ಲಿ ಈ ಸಂಬಂಧವು ಇಷ್ಟು ಸ್ಪಷ್ಟವಾಗಿಲ್ಲ. ವಂಶದ ಗುಣವಂತೂ ಇಬ್ಬರಲ್ಲಿಯೂ ಇದ್ದೇ ಇದೆ.

ಇದನ್ನರಿಯದ ಮನೆಯಲ್ಲಿ ಕಷ್ಟವೆಲ್ಲ ಮಗುವಿಗೇ. ಹತ್ತನೆಯ ವಯಸ್ಸಿನಲ್ಲಿ ಮೈನೆರೆದ ನಮ್ಮ ಶಿಷ್ಯೆಯೊಬ್ಬಳಿಗೆ ಮನೆಯವರು ಆಟವನ್ನು ನಿಲ್ಲಿಸಿದರು. ದಪ್ಪವಾದಳೆಂದು ರಾತ್ರಿಯ ಊಟವನ್ನೂ ತಪ್ಪಿಸಿದರು. ಗೆಳತಿಯರು ಕುಂಟೆಬಿಲ್ಲೆಯಾಡುತ್ತಿರಲು ಅವಳು ಕಂಬಕ್ಕೆ ಒರಗಿ ನೋಡುತ್ತ ನಿಲ್ಲುವಳು. ದೇಹವು ಮುಂದೆ ಹೋಗಿತ್ತು; ಮನಸ್ಸು ಹತ್ತು ವರ್ಷದ್ದೇ ಆಗಿತ್ತು. ಅವಳಿಗೆ ಬೇಕಾಗಿದ್ದುದು ಉಪವಾಸವಲ್ಲ; ಓಡಾಟ, ಹೊತ್ತಿಗೆ ಸರಿಯಾದ ಊಟ, ಒಳ್ಳೆಯ ನಿದ್ರೆ, ಮತ್ತು ತಾಯಿಯ ಸಮಾಧಾನದ ಎರಡು ಮಾತು.

ಆದುದರಿಂದ ತಾಯಂದಿರಲ್ಲಿ ನಮ್ಮ ವಿನಂತಿಯಿಷ್ಟೆ. ಮಕ್ಕಳ ಎತ್ತರವನ್ನೂ ತೂಕವನ್ನೂ ಆರು ತಿಂಗಳಿಗೊಮ್ಮೆ ಬರೆದಿಡಿರಿ. ನೆರೆಮನೆಯ ಮಗುವಿನೊಡನೆ ಹೋಲಿಸಬೇಡಿರಿ. ಹೆಣ್ಣುಮಗುವಿನಲ್ಲಿ ಎಂಟು ವರ್ಷಕ್ಕೆ ಮೊದಲು, ಗಂಡುಮಗುವಿನಲ್ಲಿ ಒಂಬತ್ತಕ್ಕೆ ಮೊದಲು ಪ್ರಾಯದ ಚಿಹ್ನೆಗಳು ಕಂಡರೆ, ಅಥವಾ ಹದಿಮೂರು, ಹದಿನಾಲ್ಕು ತುಂಬಿದರೂ ಕಾಣದಿದ್ದರೆ, ವೈದ್ಯರನ್ನು ಕೇಳಿರಿ. ಉಳಿದಂತೆ, ಬೇಗ ಬೆಳೆದ ಮಗುವೂ ಮಗುವೇ ಎಂಬುದನ್ನು ಮರೆಯದಿದ್ದರೆ ಸಾಕು.