ಅಂಗಡಿ ತೆರೆದಿದೆ

ಮಕ್ಕಳೇ, ಹೊಸ ರಸ್ತೆ ಎಂದರೆ ನಿಮಗೆ ಇಷ್ಟ ಅಲ್ಲವೇ? ಬಸ್ಸು ಕುಲುಕದೆ ಓಡುತ್ತದೆ. ಸೈಕಲ್ಲು ಹಗುರವಾಗಿ ಸಾಗುತ್ತದೆ. ಮಳೆ ಬಂದರೂ ಕಾಲಿಗೆ ಕೆಸರು ಹತ್ತುವುದಿಲ್ಲ. ಆದರೆ ಹಳೆಯ ರಸ್ತೆ ಒಂದೇ ರಾತ್ರಿಯಲ್ಲಿ ಹೊಸದಾಗುವುದಿಲ್ಲ. ಮೊದಲು ಅದನ್ನು ಅಗೆಯಬೇಕು. ಅಗೆದ ದಿನದಿಂದ ಕೆಲಸ ಮುಗಿಯುವ ದಿನದವರೆಗೆ ಆ ರಸ್ತೆಯ ಪಕ್ಕದಲ್ಲಿ ಇರುವವರ ಬದುಕು ಹೇಗಿರುತ್ತದೆ? ಬಹಳ ವರ್ಷ ನಾನೂ ಇದನ್ನು ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದ ಒಂದು ಸಂಗತಿಯನ್ನು ಇಂದು ನಿಮಗೆ ಹೇಳುತ್ತೇನೆ.

ನನ್ನ ಊರು ಅಕ್ಕಲಕೋಟ ತಾಲ್ಲೂಕಿನ ಕರಜಗಿ. ನಮ್ಮ ಭಾಗದವರಿಗೆ ದೊಡ್ಡ ಪೇಟೆ ಎಂದರೆ ಸೊಲ್ಲಾಪುರ. ಮದುವೆಯ ಜವಳಿ, ಚಳಿಗಾಲದ ಚಾದರ, ಶಾಲೆಯ ಪುಸ್ತಕ, ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಆ ಪೇಟೆಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ಮಾತುಗಳು ಒಟ್ಟಿಗೆ ಕೇಳಿಸುತ್ತವೆ.

1983ರ ಜೂನ್ ತಿಂಗಳು. ನಾನು ಎಂಟನೆಯ ಇಯತ್ತೆಗೆ ಹೋಗಬೇಕಾಗಿತ್ತು. ಅಪ್ಪ ನನ್ನನ್ನು ಸೊಲ್ಲಾಪುರದ ಒಂದು ಓಣಿಯಲ್ಲಿದ್ದ ಪುಸ್ತಕದ ಅಂಗಡಿಗೆ ಕರೆದುಕೊಂಡು ಹೋದರು. ಅಪ್ಪನ ಕಿಸೆಯಲ್ಲಿದ್ದ ಹಣ ಅರ್ಧ ಪುಸ್ತಕಗಳಿಗೂ ಸಾಲಲಿಲ್ಲ. ಅಪ್ಪ ಸುಮ್ಮನೆ ನಿಂತರು. ಅಂಗಡಿಯ ಕಾಕಾ ಆಗ ಇನ್ನೂ ತರುಣರು. ಅವರು ಎಲ್ಲ ಪುಸ್ತಕಗಳನ್ನೂ ಒಂದು ಗಂಟು ಕಟ್ಟಿ ನನ್ನ ಕೈಗಿಟ್ಟರು. “ರಾಶಿ ಆದ ಮ್ಯಾಲ ಕೊಡ್ರಿ, ಹುಡುಗನ ಸಾಲಿ ನಿಲ್ಲಬಾರದು” ಎಂದರು. ನಾನು ಮುಂದೆ ಶಿಕ್ಷಕನಾದೆ. ನಮ್ಮ ಶಾಲೆಗೆ ಬೇಕಾದ ವಹಿ, ಖಡು, ನಕಾಶೆಗಳನ್ನೆಲ್ಲ ಅದೇ ಅಂಗಡಿಯಿಂದ ತರುತ್ತಿದ್ದೆ.

2016ರ ಜನವರಿಯಲ್ಲಿ ಕೇಂದ್ರ ಸರಕಾರವು ಸ್ಮಾರ್ಟ್ ಸಿಟಿ ಯೋಜನೆಗೆ ಮೊದಲ 20 ನಗರಗಳನ್ನು ಆರಿಸಿತು. ಅವುಗಳಲ್ಲಿ ಸೊಲ್ಲಾಪುರವೂ ಒಂದು. ಮುಂದಿನ ವರ್ಷಗಳಲ್ಲಿ ನಗರದ ಹಲವು ಕಡೆ ಕೆಲಸಗಳು ನಡೆದವು. ಕಾಕಾನ ಓಣಿಯನ್ನು ಅಗೆದದ್ದೂ ಆ ದಿನಗಳಲ್ಲೇ.

ರಸ್ತೆಯ ಹೊಟ್ಟೆಯಲ್ಲಿ ಏನಿರುತ್ತದೆ, ನೀವು ನೋಡಿದ್ದೀರಾ? ಕುಡಿಯುವ ನೀರಿನ ನಳ, ಹೊಲಸು ನೀರಿನ ಗಟಾರು, ಮಳೆ ನೀರಿನ ಕಾಲುವೆ, ವಿದ್ಯುತ್ ತಂತಿ, ದೂರವಾಣಿ ತಂತಿ, ಎಲ್ಲವೂ ಅಲ್ಲಿಯೇ ಇರುತ್ತವೆ. ಸೊಲ್ಲಾಪುರಕ್ಕೆ ಭೀಮಾ ನದಿಯ ಉಜನಿ ಅಣೆಕಟ್ಟಿನ ನೀರು ನೂರು ಕಿಲೋಮೀಟರಿಗೂ ಹೆಚ್ಚು ದೂರದಿಂದ ಬರುತ್ತದೆ. ಅಷ್ಟು ದೂರದಿಂದ ಬಂದ ನೀರು ಕೊನೆಗೆ ಓಣಿಯ ಕೆಳಗಿನ ಸಣ್ಣ ನಳದಲ್ಲೇ ಹರಿದು ಮನೆಗೆ ಸೇರಬೇಕು. ಹಳೆಯ ನಳ ಒಡೆದರೆ ನೀರು ಪೋಲಾಗುತ್ತದೆ, ಹೊಲಸು ನೀರೂ ಅದರಲ್ಲಿ ಸೇರಬಹುದು. ಆದ್ದರಿಂದ ಅಗೆಯುವುದು ತಪ್ಪಲ್ಲ. ಅದು ಬೇಕಾದ ಕೆಲಸವೇ.

ಆದರೆ ನಾನು ಮಾಡಿದ್ದು ಮಾತ್ರ ತಪ್ಪು. ಓಣಿಯ ಬಾಯಲ್ಲಿ ಮಣ್ಣಿನ ಗುಡ್ಡೆ ಕಂಡಿತು. “ಈ ಧೂಳಿನಲ್ಲಿ ಯಾರು ಹೋಗುತ್ತಾರೆ?” ಎಂದು ಹಿಂದಿರುಗಿದೆ. ಬೇರೆ ಕಡೆಯ ದೊಡ್ಡ ಅಂಗಡಿಯಲ್ಲಿ ವಹಿ ಕೊಂಡೆ. ಮುಂದಿನ ಸಲವೂ ಹಾಗೆಯೇ ಮಾಡಿದೆ. ಹೀಗೆ ಏಳು ತಿಂಗಳು ಕಳೆದವು. ಕಾಕಾನ ನೆನಪೂ ನನಗೆ ಬರಲಿಲ್ಲ.

ಒಂದು ದಿನ ನಮ್ಮ ಒಂದನೆಯ ಇಯತ್ತೆಗೆ ಕನ್ನಡ ವರ್ಣಮಾಲೆಯ ತಕ್ತೆ ಬೇಕಾಯಿತು. ದೊಡ್ಡ ಅಂಗಡಿಯಲ್ಲಿ ಮರಾಠಿ ತಕ್ತೆ ಇತ್ತು, ಇಂಗ್ಲಿಷ್ ತಕ್ತೆ ಇತ್ತು. ಕನ್ನಡದ್ದು ಇರಲಿಲ್ಲ. ಅದು ಕಾಕಾನ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ ಎಂದು ಆಗ ನೆನಪಾಯಿತು. ನನಗೆ ಬೇಕಾದಾಗ ಮಾತ್ರ ಅವರು ನೆನಪಾದರು, ನೋಡಿ!

ಮಣ್ಣು ದಾಟಿ ಹೋದೆ. ತಗ್ಗಿನ ಮೇಲೆ ಒಂದು ಹಲಗೆ ಹಾಕಿದ್ದರು. ಅಂಗಡಿಯ ಪುಸ್ತಕಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿತ್ತು. ಅದರ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. ಕೆಲಸಕ್ಕಿದ್ದ ಹುಡುಗ ಕಾಣಲಿಲ್ಲ. ಕಾಕಾ ಒಬ್ಬರೇ ಕುಳಿತಿದ್ದರು.

“ಬರ್ರಿ ಗುರುಗಳ, ಬಾಳ ದಿನಾ ಆತು” ಎಂದು ನಕ್ಕರು. ಅವರು ಬೈದಿದ್ದರೆ ನನಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ. “ಹುಡುಗ ಎಲ್ಲಿ?” ಎಂದು ಕೇಳಿದೆ. “ಪಗಾರ ಕೊಡೂದು ಆಗಲಿಲ್ಲ. ಬ್ಯಾರೆ ಕಡೆ ಹೋಗ್ಯಾನ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: “ರಸ್ತಾ ಆಗಬೇಕು ಗುರುಗಳ, ಬ್ಯಾಡ ಅನ್ನೂದಿಲ್ಲ. ಆದರ ರಸ್ತಾ ಆಗೂತನಕ ನಾವೂ ಉಳೀಬೇಕಲ್ಲ.”

ಈ ಮಾತು ನನ್ನ ಮನಸ್ಸಿಗೆ ನಾಟಿತು. ಹೊಸ ರಸ್ತೆಯ ಸುಖ ಎಲ್ಲರಿಗೂ ಸಿಗುತ್ತದೆ. ಅದರ ಕಷ್ಟ ಮಾತ್ರ ಆ ಓಣಿಯವರ ಪಾಲಿಗೆ ಬರುತ್ತದೆ. ಇದು ನ್ಯಾಯವೇ?

ಓಣಿಯ ಜನ ಕೈಕಟ್ಟಿ ಕುಳಿತಿರಲಿಲ್ಲ. ಹಲಗೆ ಹಾಕಿದವರು ಪಕ್ಕದ ಬಟ್ಟೆ ಅಂಗಡಿಯವರು. ಅಡಿಗೆ ಅನಿಲದ ಗಾಡಿ ಓಣಿಯ ತುದಿಗೇ ನಿಲ್ಲುತ್ತಿತ್ತು. ಮೇಲಿನ ಮನೆಯ ಅಜ್ಜಿಗೆ ಸಿಲಿಂಡರನ್ನು ಇಬ್ಬರು ತರುಣರು ಹೊತ್ತು ತಂದು ಕೊಡುತ್ತಿದ್ದರು. ಬೆಳಿಗ್ಗೆ ಧೂಳು ಏಳದಂತೆ ಎಲ್ಲರೂ ಸರತಿಯಿಂದ ನೀರು ಚಿಮುಕಿಸುತ್ತಿದ್ದರು. ಕೆಲಸಗಾರರಿಗೆ ಮಧ್ಯಾಹ್ನ ನೆರಳೂ ಕುಡಿಯುವ ನೀರೂ ಆ ಅಂಗಡಿಗಳಲ್ಲೇ ಸಿಗುತ್ತಿತ್ತು. ಓಣಿಯ ಬಾಯಲ್ಲಿ ಹುಡುಗರು ಒಂದು ರಟ್ಟಿನ ಫಲಕ ಕಟ್ಟಿದ್ದರು. ಅದರ ಮೇಲೆ ಮರಾಠಿ, ಕನ್ನಡ, ತೆಲುಗು ಮೂರರಲ್ಲೂ ಬರೆದಿತ್ತು: ‘ಅಂಗಡಿ ತೆರೆದಿದೆ.’ ನಾನು ಎರಡು ಸಲ ಓಣಿಯ ಬಾಯಿಗೆ ಬಂದು ಹಿಂದಿರುಗಿದ್ದೆ. ಮಣ್ಣಿನ ಗುಡ್ಡೆ ನೋಡಿದ ಕಣ್ಣು ಆ ಫಲಕವನ್ನು ನೋಡಿರಲಿಲ್ಲ!

ಊರಿಗೆ ಬಂದು ನಮ್ಮ ಶಿಕ್ಷಕ ಗೆಳೆಯರಿಗೆ ಈ ವಿಷಯ ಹೇಳಿದೆ. ಜೂನ್ ತಿಂಗಳ ವಹಿಗಳನ್ನು ಕಾಕಾನ ಹತ್ತಿರವೇ ಕೊಳ್ಳೋಣ ಎಂದು ನಿಶ್ಚಯಿಸಿದೆವು. ಗಾಡಿ ಒಳಗೆ ಹೋಗುವಂತಿರಲಿಲ್ಲ. ಐದು ಜನ ಸಾಲಾಗಿ ನಿಂತು ಗಂಟುಗಳನ್ನು ಕೈಯಿಂದ ಕೈಗೆ ದಾಟಿಸಿದೆವು. ಅರ್ಧ ತಾಸಿನ ಕೆಲಸ ಅಷ್ಟೇ. ಏಳು ತಿಂಗಳು ಅಷ್ಟನ್ನೂ ನಾನು ಮಾಡಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ರಸ್ತೆ ಸಿದ್ಧವಾಯಿತು. ಕಾಕಾನ ಅಂಗಡಿ ಉಳಿಯಿತು. ಆದರೆ ಆ ಓಣಿಯ ಮೂಲೆಯಲ್ಲಿ ಒಬ್ಬ ಅಜ್ಜ ಕೈಗಾಡಿಯ ಮೇಲೆ ಚಹಾ ಮಾರುತ್ತಿದ್ದ. ಅವನ ಗಾಡಿಗೆ ಅಗೆದ ರಸ್ತೆಯಲ್ಲಿ ಜಾಗವಿರಲಿಲ್ಲ. ಹೊಸ ರಸ್ತೆಗೂ ಅವನು ಹಿಂದಿರುಗಲಿಲ್ಲ. ಬೀದಿಯಲ್ಲಿ ಮಾರುವವರ ಜೀವನೋಪಾಯವನ್ನು ಕಾಯಲು ನಮ್ಮ ದೇಶದಲ್ಲಿ 2014ರಲ್ಲಿ ಒಂದು ಕಾಯದೆ ಬಂದಿದೆ. ಆದರೆ ಅವನು ಎಲ್ಲಿಗೆ ಹೋದನೆಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆ ಮೂಲೆ ದಾಟುವಾಗ ಈಗಲೂ ನನಗೆ ಕಸಿವಿಸಿಯಾಗುತ್ತದೆ.

ಇಂಥ ಕಷ್ಟ ಎಲ್ಲ ನಗರಗಳಲ್ಲೂ ಇದೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಒಂದು ಕಿಲೋಮೀಟರಿಗಿಂತ ಕಡಿಮೆ ಉದ್ದದ ರಸ್ತೆ. ಅಲ್ಲಿ ಪುಸ್ತಕದ ಅಂಗಡಿಗಳೂ ಹೋಟೆಲುಗಳೂ ಬಹಳ. 2017ರಲ್ಲಿ ಅದನ್ನು ಅಗೆದು, ಕಲ್ಲು ಹಾಸಿ, 2018ರಲ್ಲಿ ಕೆಲಸ ಮುಗಿಸಿದರು. ಬೆಂಗಳೂರಿನ ಇನ್ನು ಕೆಲವು ರಸ್ತೆಗಳಲ್ಲಿ ನಡೆಯುವ ದಾರಿಯ ಕೆಳಗೆ ಮೊದಲೇ ಕೊಳವೆಗಳನ್ನು ಇಟ್ಟಿದ್ದಾರೆ. ಮುಂದೆ ಹೊಸ ತಂತಿ ಬೇಕಾದರೆ ಅದರೊಳಗಿಂದಲೇ ಎಳೆಯಬಹುದು. ಮತ್ತೆ ಮತ್ತೆ ರಸ್ತೆ ಅಗೆಯಬೇಕಾಗಿಲ್ಲ. ಕೆಲಸದ ದಿನಗಳನ್ನು ಮೊದಲೇ ತಿಳಿಸುವುದು, ಒಂದು ಪಕ್ಕ ಮುಗಿಸಿ ಇನ್ನೊಂದು ಪಕ್ಕ ಅಗೆಯುವುದು, ಪ್ರತಿಯೊಂದು ಬಾಗಿಲಿಗೂ ಗಟ್ಟಿಯಾದ ಕಾಲುದಾರಿ ಬಿಡುವುದು, ರಾತ್ರಿ ದೀಪ ಇಡುವುದು, ಇವೆಲ್ಲ ದೊಡ್ಡವರು ಮಾಡಬೇಕಾದ ಕೆಲಸಗಳು.

ಹಾಗಾದರೆ ಚಿಕ್ಕವರಾದ ನೀವು ಏನು ಮಾಡಬಹುದು? ನಮ್ಮ ಹಳ್ಳಿಗಳಲ್ಲೂ ನಳಕ್ಕಾಗಿ, ಗಟಾರಿಗಾಗಿ ಓಣಿಗಳನ್ನು ಅಗೆಯುತ್ತಾರೆ. ಆಗ ತಗ್ಗಿನ ಹತ್ತಿರ ಆಡಬೇಡಿ, ಕಟ್ಟಿದ ಹಗ್ಗ ಬಿಚ್ಚಬೇಡಿ. ಆ ಓಣಿಯ ಅಜ್ಜ ಅಜ್ಜಿಯರಿಗೆ ಕಿರಾಣಿ ಸಾಮಾನು ತಂದುಕೊಡಿ. ಅಮ್ಮ ಅಂಗಡಿಗೆ ಕಳಿಸಿದಾಗ ಮಣ್ಣು ಕಂಡು ಬೇರೆ ಕಡೆ ಓಡಬೇಡಿ. ದೊಡ್ಡವರ ಕೈ ಹಿಡಿದು, ಸುರಕ್ಷಿತ ದಾರಿಯಿಂದ ಅದೇ ಅಂಗಡಿಗೆ ಹೋಗಿ. ನೀವು ಕೊಳ್ಳುವ ಒಂದು ಪೆನ್ಸಿಲು ಚಿಕ್ಕದು. ಆದರೆ ಆ ದಿನ ಬಾಗಿಲಿನಲ್ಲಿ ನಿಂತ ಗಿರಾಕಿಯ ಮುಖ ಅಂಗಡಿಯವರಿಗೆ ದೊಡ್ಡದು.

ಕನ್ನಡ ವರ್ಣಮಾಲೆಯ ಆ ತಕ್ತೆ ಇಂದಿಗೂ ನಮ್ಮ ಶಾಲೆಯ ಗೋಡೆಯ ಮೇಲಿದೆ. ಅದರ ಒಂದು ಮೂಲೆಯಲ್ಲಿ ಆ ಓಣಿಯ ಕೆಂಪು ಮಣ್ಣಿನ ಕಲೆ ಇದೆ. ಒರೆಸಿದರೆ ಹೋಗುತ್ತದೆ. ನಾನು ಒರೆಸಿಲ್ಲ.