ಬುತ್ತಿ ಗಂಟು, ಅಪ್ಪನ ಉದ್ರಿ ಲೆಕ್ಕ

ನಮ್ಮೂರು ಕಮಲಾಪುರ. ಕೆಂಪು ಬಾಳೆಹಣ್ಣಿನ ಕಮಲಾಪುರ ಅಲ್ರಿ, ಅದು ಕಲಬುರಗಿ ಕಡೇದು. ನಮ್ಮದು ಹಂಪಿ ಮಗ್ಗುಲದ್ದು, ದೊಡ್ಡ ಕೆರಿ ಇರೋದು. ಅಲ್ಲಿ ಅಪ್ಪಂದು ಸಣ್ಣ ಕಿರಾಣಿ ಅಂಗಡಿ. ಕಬ್ಬು ಕಡಿಯೋರು, ಬಾಳಿ ತೋಟಕ್ಕ ಹೋಗೋರು ಉದ್ರಿ ಒಯ್ದು, ಕೂಲಿ ಬಂದಾಗ ಕೊಡ್ತಾರ. ಲೆಕ್ಕ ಎಲ್ಲಾ ಕೆಂಪು ರಟ್ಟಿನ ಉದ್ದನೆ ಪುಸ್ತಕದಾಗ. ಹೋದ ವರ್ಷ ಅಪ್ಪಗ ಕಣ್ಣಿಗೆ ಪೊರೆ ಬಂತು. ಒಬ್ಬರ ಲೆಕ್ಕ ಇನ್ನೊಬ್ಬರ ಹಾಳ್ಯಾಗ ಬೀಳಾಕ ಹತ್ತಿತು. ಒಬ್ಬಾಕಿ ಅಂಗಡಿ ಮುಂದ ನಿಂತು ಜಗಳ ಮಾಡಿದ್ಲಂತ. ಅವತ್ತು ರಾತ್ರಿ ಅಪ್ಪ ಉಣ್ಣಲಿಲ್ಲ ಅಂತ ಅವ್ವ ಫೋನಿನಾಗ ಹೇಳಿದ್ಲು.

ನಾನು ಬೆಂಗಳೂರಾಗ ಕಂಪ್ಯೂಟರ್ ಕೆಲಸ ಮಾಡಾಕಿ. ದಪ್ಪ ದಪ್ಪ ಕನ್ನಡ ಅಕ್ಷರದಾಗ ಉದ್ರಿ ಲೆಕ್ಕ ತೋರಿಸೋ ಒಂದು ಸಣ್ಣ ಪ್ರೋಗ್ರಾಂ ಜಾವಾದಾಗ ಬರದೆ. ಬರೆಯೋದು ಸುಲಭ ಆತು, ಊರಿಗೆ ಮುಟ್ಟಿಸೋದೇ ಕಷ್ಟ ಆತು.

ಯಾಕಂದ್ರ ಜಾವಾ ಪ್ರೋಗ್ರಾಂ ಅಂದ್ರ ಜ್ವಾಳದ ಹಿಟ್ಟಿದ್ದಂಗ. ಬರೀ ಹಿಟ್ಟು ಕಳಿಸಿದ್ರ ರೊಟ್ಟಿ ಆಗಂಗಿಲ್ಲ, ಹಂಚು ಬೇಕು. ಆ ಹಂಚಿಗೇ ರನ್‌ಟೈಮ್ ಅಂತಾರ. ಅಂಗಡಿಯ ಹಳೇ ಕಂಪ್ಯೂಟರಿನಾಗ ಅದಿಲ್ಲ, ನೆಟ್ಟೂ ಇಲ್ಲ. ಅಪ್ಪಗ ‘ಅದನ್ನ ಇಳಿಸ್ಕೋ, ಇದನ್ನ ಇನ್‌ಸ್ಟಾಲ್ ಮಾಡ್ಕೋ’ ಅನ್ನಾಕ ಆಗ್ತೈತೇನ್ರಿ?

ಅದಕ್ಕ ಹಿಟ್ಟಿನ ಜೋಡಿ ಹಂಚನ್ನೂ ಕಟ್ಟಿ ಕಳಸಾಣ ಅಂದ್ಕೊಂಡೆ. 2017ರಾಗ ಬಂದ ಜಾವಾ 9ರಿಂದ ಜೆಲಿಂಕ್ ಅನ್ನೋ ಸಾಧನ ಐತಿ. ಇಡೀ ರನ್‌ಟೈಮ್ ಬಿಟ್ಟು, ನಮಗ ಬೇಕಾದ ಭಾಗ ಅಷ್ಟ ಆರಿಸಿ ಕೊಡ್ತೈತಿ. ಅದನ್ನ, ಪ್ರೋಗ್ರಾಂನ ಸೆವೆನ್‌ಜಿಪ್ಪಿನಾಗ ಹಾಕಿ ಒತ್ತಿ ಗಂಟು ಕಟ್ಟಿದೆ. ಇನ್ನ ಮೂರು ತುಂಡು ಜೋಡಿಸಬೇಕು. ಮೊದಲು ಗಂಟು ಬಿಚ್ಚೋ ಸಣ್ಣ ತುಣುಕು, ನಡಕ ‘ಬಿಚ್ಚಿದ ಮ್ಯಾಲೆ ಇದನ್ನ ಓಡಸು’ ಅನ್ನೋ ನಾಕು ಸಾಲಿನ ಚೀಟಿ, ಕಡೀಕ ಗಂಟು. ವಿಂಡೋಸಿನ ಕಾಪಿ ಕಮಾಂಡಿಗೆ ಬೈನರಿ ಅಂತ ಹೇಳಿ ಒಂದರ ಹಿಂದ ಒಂದು ಅಂಟಿಸಿದ್ರ ಒಂದೇ ಫೈಲ್ ಆತು. ಎರಡು ಸಲ ಒತ್ತಿದ್ರ ಬುತ್ತಿ ತಾನ ಬಿಚ್ಚಿಕೊಂತೈತಿ.

ತಮ್ಮ ಪೆನ್‌ಡ್ರೈವ್ ಕಿಸೇದಾಗ ಇಟ್ಕೊಂಡು ಹಂಪಿ ಎಕ್ಸ್‌ಪ್ರೆಸ್ ಹತ್ತಿದ. ಮರುದಿನ ಫೋನ್: ‘ಅಕ್ಕಾ, ಜಾವಾ ಇಲ್ಲ ಅಂತೈತಿ.’ ನೋಡಿದ್ರ ಚೀಟ್ಯಾಗ ನಾನು ಬರೀ ‘ಜಾವಾ’ ಅಂತ ಬರದಿದ್ದೆ, ಗಂಟಿನೊಳಗಿನ ಜಾವಾದ ದಾರಿ ಬರದಿರಲಿಲ್ಲ. ನನ್ನ ಕಂಪ್ಯೂಟರಿನಾಗ ಮೊದಲೇ ಜಾವಾ ಇತ್ತಲ್ಲ, ಅದಕ್ಕ ಓಡಿತ್ತು. ನಮ್ಮನಿ ಹಂಚಿನ ಮ್ಯಾಲೆ ರೊಟ್ಟಿ ಬೆಂದಿದ್ದಕ್ಕ, ಕಟ್ಟಿ ಕಳಿಸಿದ ಹಂಚು ಕಾಯ್ತೈತೋ ಇಲ್ಲೋ ನಾನು ನೋಡೇ ಇರಲಿಲ್ಲ.

ತಿದ್ದಿ, ಜಾವಾ ಇಲ್ಲದ ಕಂಪ್ಯೂಟರಿನಾಗ ಓಡಿಸಿ ನೋಡಿ, ಎರಡನೇ ಗಂಟು ಕಳಿಸಿದೆ. ಓಡಿತು. ಅಪ್ಪ ಒಂದು ಸಂಜಿ ಪೂರ್ತಿ ಕುಂತು, ಒಂದೊಂದೇ ಬೆರಳಿನಾಗ ಎಲ್ಲಾರ ಹೆಸರು, ಬಾಕಿ ಬರದ. ಮುಂಜಾನೆ ತೆಗದ್ರ ಒಂದೂ ಇಲ್ಲ.

ನನಗ ಹೊಳದಾಗ ಎದಿ ಧಸಕ್ ಅಂತು. ಈ ಗಂಟು ಬಿಚ್ಚಿಕೊಳ್ಳೋದು ವಿಂಡೋಸಿನ ತಾತ್ಪೂರ್ತಿಕ ಫೋಲ್ಡರಿನಾಗ. ಪ್ರೋಗ್ರಾಂ ಮುಚ್ಚಿದ ಕೂಡ್ಲೇ ಬಿಚ್ಚಿದ್ದನ್ನೆಲ್ಲಾ ತಾನ ಅಳಸಿ ಹಾಕ್ತೈತಿ, ಉಂಡ ಮ್ಯಾಲೆ ಎಲಿ ತೆಗದಂಗ. ಲೆಕ್ಕದ ಫೈಲನ್ನ ನಾನು ಆ ಎಲಿ ಮ್ಯಾಲೇ ಇಟ್ಟಿದ್ದೆ.

ಅಪ್ಪ ಸಿಟ್ಟಾಗಲಿಲ್ಲ. ‘ನಾನ ಏನರ ತಪ್ಪು ಒತ್ತಿರಬೇಕು ಬಿಡವ್ವ. ಈ ವಯಸ್ಸಿನಾಗ ನನಗ ಇವೆಲ್ಲಾ ಬರಂಗಿಲ್ಲ’ ಅಂದ. ಅದು ಮಾತ್ರ ತಡಕೊಳ್ಳಾಕ ಆಗಲಿಲ್ಲ ನೋಡ್ರಿ. ಬುತ್ತಿ ತಪ್ಪಾಗಿ ಕಟ್ಟಿದಾಕಿ ನಾನು, ತಪ್ಪು ಹೊತ್ತಾಂವ ಅಪ್ಪ. ಆಫೀಸಿನಾಗ ಎಷ್ಟು ಮಂದಿಗೆ ಹಿಂಗ ಗಂಟು ಕಟ್ಟಿ ಕಳಿಸೀನೋ, ಅವರಾಗ ಎಷ್ಟು ಮಂದಿ ‘ನನಗ ಬರಂಗಿಲ್ಲ’ ಅಂತ ಸುಮ್ಮನಾಗ್ಯಾರೋ.

‘ಅಪ್ಪಾ, ತಪ್ಪು ನಂದು’ ಅಂತ ಮೂರು ಸಲ ಹೇಳಿದೆ. ಮೂರನೇ ಗಂಟಿನಾಗ ಲೆಕ್ಕದ ಫೈಲ್ ಡಾಕ್ಯುಮೆಂಟ್ಸ್ ಫೋಲ್ಡರಿಗೆ ಹೋಗೋ ಹಂಗ ಮಾಡಿದೆ. ಈ ಸಲ ತಮ್ಮನ ಕೈಲಿ ಕಳಿಸಲಿಲ್ಲ, ನಾನ ಒಯ್ದೆ. ಅಪ್ಪ ಕೆಂಪು ಪುಸ್ತಕ ಬಿಟ್ಟಿರಲಿಲ್ಲ, ಪುಣ್ಯ. ಅವ್ವ ಓದಿ ಹೇಳಿದ್ಲು, ಅಪ್ಪ ಬರದ, ನಾನು ಮಗ್ಗಲಾಗ ಸುಮ್ಮನ ಕುಂತೆ. ಮುಚ್ಚಿ ಮತ್ತ ತೆಗದ್ವಿ. ಎಲ್ಲಾ ಅಲ್ಲೇ ಇತ್ತು.

ಪುಸ್ತಕ ಈಗಲೂ ಗಲ್ಲಾಪೆಟ್ಟಿಗಿ ಮಗ್ಗಲಾಗೇ ಐತಿ. ‘ಇರಲಿ ಬಿಡು’ ಅಂತಾನ ಅಪ್ಪ. ನಾನೂ ಇರಲಿ ಅಂತೀನಿ.